ಬೇಗ ಆಗಿಬಿಡುತ್ತೆ ಡಾಕ್ಟ್ರೇ, ಏನು ಮಾಡಲಿ?

ಶೀಘ್ರ ಸ್ಖಲನದ ಬಗ್ಗೆ ಬಂದ ಪತ್ರಗಳಲ್ಲಿ ಐದನ್ನು ಇಲ್ಲಿ ಆರಿಸಿಕೊಂಡಿದ್ದೇನೆ. ಹೆಸರು, ಊರು ಯಾವುದನ್ನೂ ಹಾಕಿಲ್ಲ.

ಪ್ರಶ್ನೆ: ನನಗೆ 31 ವರ್ಷ. ಮದುವೆಯಾಗಿ ಎರಡು ವರ್ಷ. ಸೇರಿದ ಒಂದು ನಿಮಿಷದೊಳಗೇ ವೀರ್ಯ ಹೋಗಿಬಿಡುತ್ತದೆ. ಮೊದಲ ದಿನದಿಂದಲೂ ಹೀಗೇ. ಬೇರೆ ಏನಾದರೂ ಯೋಚಿಸುತ್ತಿದ್ದರೆ ತಡವಾಗುತ್ತೆ ಅಂತ ಸ್ನೇಹಿತ ಹೇಳಿದ. ಮನಸ್ಸಿನಲ್ಲೇ ಮಗ್ಗಿ ಹೇಳಿಕೊಂಡೂ ನೋಡಿದೆ, ಪ್ರಯೋಜನವಾಗಲಿಲ್ಲ. ಹೆಂಡತಿ ಏನೂ ಅನ್ನುವುದಿಲ್ಲ. ಆದರೆ ನನಗೇ ಈಗ ಹತ್ತಿರ ಹೋಗಲು ಹೆದರಿಕೆ. ಇದಕ್ಕೆ ಪರಿಹಾರ ಇದೆಯಾ?

ಉತ್ತರ: ಇದೆ. ನಿಮ್ಮ ಪತ್ರದಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ ಮಾತು 'ಮೊದಲ ದಿನದಿಂದಲೂ' ಅನ್ನುವುದು. ಈ ತೊಂದರೆ ಹೇಳಿಕೊಂಡು ಯಾರೇ ಬಂದರೂ ನಾನು ಮೊದಲು ಕೇಳುವುದು 'ಎಷ್ಟು ನಿಮಿಷ?' ಅಂತಲ್ಲ, 'ಯಾವಾಗಿನಿಂದ?' ಅಂತ. ಶುರುವಿನಿಂದಲೂ ಇರುವುದು ಒಂದು ಬಗೆ. ಚೆನ್ನಾಗಿದ್ದು ನಡುವೆ ಶುರುವಾಗಿದ್ದು ಇನ್ನೊಂದು ಬಗೆ. ಎರಡಕ್ಕೂ ಕಾರಣ ಬೇರೆ, ದಾರಿಯೂ ಬೇರೆ.

ಸಮಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಯಾಕಂದರೆ ಇದರಲ್ಲಿ ತಪ್ಪು ಕಲ್ಪನೆ ಜಾಸ್ತಿ. 2005ರಲ್ಲಿ ಐದು ದೇಶಗಳ ಸುಮಾರು 500 ಜೋಡಿಗಳ ಕೈಗೆ ಸ್ಟಾಪ್‌ವಾಚ್ ಕೊಟ್ಟು ಮಾಡಿದ ಅಧ್ಯಯನವೊಂದು ಪ್ರಕಟವಾಯಿತು. ಒಳಗೆ ಹೋದಾಗಿನಿಂದ ವೀರ್ಯ ಬರುವವರೆಗೆ ಹಿಡಿದ ಸಮಯದ ಮಧ್ಯಮ ಲೆಕ್ಕ 5.4 ನಿಮಿಷ. ಅಂದರೆ ಅರ್ಧದಷ್ಟು ಗಂಡಸರಿಗೆ ಅದಕ್ಕಿಂತ ಕಡಿಮೆ ಹೊತ್ತಿನಲ್ಲೇ ಮುಗಿದಿತ್ತು. ಅರ್ಧ ಗಂಟೆ, ಮುಕ್ಕಾಲು ಗಂಟೆ ಅಂತ ವಿಡಿಯೋಗಳಲ್ಲಿ ಕಾಣುವುದು ಕತ್ತರಿಸಿ ಜೋಡಿಸಿದ್ದು. ನಾಲ್ಕೈದು ನಿಮಿಷ ಇರುವ ಎಷ್ಟೋ ಜನ ಸುಮ್ನೆ ತಮ್ಮನ್ನು ರೋಗಿ ಅಂದುಕೊಂಡು ಕೊರಗುತ್ತಾರೆ. ಅವರಿಗೆ ಔಷಧಿ ಬೇಕಿಲ್ಲ.

ನಿಮ್ಮದು ಹಾಗಲ್ಲ. ಶುರುವಿನಿಂದಲೂ ಹೆಚ್ಚುಕಡಿಮೆ ಪ್ರತಿ ಸಲ ಸುಮಾರು ಒಂದು ನಿಮಿಷದೊಳಗೆ ಆಗುವುದು, ತಡೆಯಬೇಕೆಂದರೂ ಆಗದಿರುವುದು, ಅದರಿಂದ ಬೇಸರವಾಗಿ ಮಿಲನವನ್ನೇ ತಪ್ಪಿಸುವುದು: ಈ ಮೂರೂ ಇದ್ದರೆ ನಾವು ಅದನ್ನು ಶೀಘ್ರ ಸ್ಖಲನ ಅನ್ನುತ್ತೇವೆ. ಮಿದುಳಿನಲ್ಲಿ ಸೆರೊಟೋನಿನ್ ಅನ್ನುವ ರಾಸಾಯನಿಕ ಇದೆ. ಅದರ ಕೆಲಸ ಜೋರಾಗಿದ್ದರೆ ಸ್ಖಲನ ತಡವಾಗುತ್ತದೆ. ನಿಮ್ಮ ಥರದವರಲ್ಲಿ ಈ ವ್ಯವಸ್ಥೆಯೇ ಹುಟ್ಟಿನಿಂದ ಸ್ವಲ್ಪ ಬೇರೆ ರೀತಿ ಇರುತ್ತದೆ ಅನ್ನುವುದು ತಜ್ಞರಲ್ಲಿ ಹಲವರ ಅಭಿಪ್ರಾಯ. ಇದು ನಿಮ್ಮ ಗಂಡಸುತನದ ಪ್ರಶ್ನೆ ಅಲ್ಲ. ನೀವು ಮಾಡಿದ ಯಾವ ತಪ್ಪಿಗೂ ಸಿಕ್ಕ ಶಿಕ್ಷೆ ಅಲ್ಲ.

ಇನ್ನು ಮಗ್ಗಿಯ ವಿಷಯ. ಅದನ್ನು ಇವತ್ತೇ ಬಿಟ್ಟುಬಿಡಿ. ಗಮನ ಬೇರೆ ಕಡೆ ಹೋದರೆ ದೇಹ ಕೊಡುವ ಸೂಚನೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ. ಹಾಲು ಉಕ್ಕಿ ಚೆಲ್ಲಿದ ಮೇಲೆ ಉರಿ ತಗ್ಗಿಸಿ ಏನು ಬಂತು? ಮೇಲೇಳುವಾಗಲೇ ತಗ್ಗಿಸಬೇಕು, ಅದಕ್ಕೆ ಪಾತ್ರೆಯ ಮೇಲೇ ಕಣ್ಣಿರಬೇಕು.

ಆ ಸೂಚನೆಗಳು ಎಲ್ಲರಲ್ಲೂ ಇರುತ್ತವೆ. ಉಸಿರು ಗಿಡ್ಡವಾಗುತ್ತದೆ. ತೊಡೆ, ಪೃಷ್ಠ, ಹೊಟ್ಟೆಯ ಸ್ನಾಯು ಬಿಗಿಯಾಗುತ್ತವೆ. ವೃಷಣಗಳು ಮೇಲಕ್ಕೆ ಎಳೆದುಕೊಳ್ಳುತ್ತವೆ. ಶಿಶ್ನದ ಬುಡದಲ್ಲಿ ಬಿಸಿಯಾದಂತೆ, ತುಂಬಿಬಂದಂತೆ ಅನ್ನಿಸುತ್ತದೆ. ಇದಾದ ಒಂದು ಹಂತದ ನಂತರ ಯಾರಿಗೂ ತಡೆಯಲು ಆಗುವುದಿಲ್ಲ. ನಾವು ಕಲಿಯಬೇಕಾದ್ದು ಆ ಹಂತಕ್ಕೆ ಮುಂಚೆ ನಿಲ್ಲುವುದನ್ನು.

ಇದಕ್ಕೆ ನಿಲ್ಲಿಸಿ-ಶುರುಮಾಡುವ ಅಭ್ಯಾಸ ಇದೆ. 1956ರಲ್ಲಿ ಜೇಮ್ಸ್ ಸೀಮನ್ಸ್ ಎಂಬ ಅಮೆರಿಕದ ಮೂತ್ರರೋಗ ತಜ್ಞರು ಇದನ್ನು ಬರೆದಿಟ್ಟರು. ನಾವು ಈಗಲೂ ಹೇಳಿಕೊಡುವುದು ಹೆಚ್ಚುಕಡಿಮೆ ಅದನ್ನೇ. ಮೊದಲು ಒಬ್ಬರೇ ಮಾಡಿ. ಯಾರಾದರೂ ಬಂದಾರು ಅನ್ನುವ ಆತಂಕ ಇಲ್ಲದ ಹೊತ್ತು ನೋಡಿಕೊಳ್ಳಿ. ಉದ್ರೇಕವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆಯಿರಿ, ಹತ್ತು ಅಂದರೆ ಸ್ಖಲನ. ಒಣ ಕೈಯಿಂದ ನಿಧಾನವಾಗಿ ಶುರುಮಾಡಿ. ಆರೋ ಏಳೋ ಅನ್ನಿಸಿದ ತಕ್ಷಣ ಕೈ ತೆಗೆದುಬಿಡಿ. ಒಂಬತ್ತಕ್ಕೆ ನಿಲ್ಲಿಸುವವರೇ ಜಾಸ್ತಿ, ಅದಕ್ಕೇ ಆಗಲ್ಲ ಅಂತ ಕೈಚೆಲ್ಲುತ್ತಾರೆ. ನಿಂತಾಗ ಉಸಿರನ್ನು ಉದ್ದಕ್ಕೆ ಹೊರಗೆ ಬಿಡಿ, ಪೃಷ್ಠ ಸಡಿಲಿಸಿ. ಉದ್ರೇಕ ಮೂರು ನಾಲ್ಕಕ್ಕೆ ಇಳಿದ ಮೇಲೆ ಮತ್ತೆ ಶುರುಮಾಡಿ. ಮೂರು ಸಲ ಹೀಗೆ ನಿಂತು, ನಾಲ್ಕನೇ ಸಲ ಬಿಟ್ಟುಬಿಡಿ. ನಿಮಿರುವಿಕೆ ನಡುವೆ ಸ್ವಲ್ಪ ಕಡಿಮೆಯಾದರೆ ಗಾಬರಿ ಬೇಡ, ಮತ್ತೆ ಬರುತ್ತದೆ.

ಇದು ಹಿಡಿತಕ್ಕೆ ಬಂದ ಮೇಲೆ ಜಾರುವ ಜೆಲ್ ಹಚ್ಚಿ ಇದನ್ನೇ ಮಾಡಿ. ಆಮೇಲೆ ಹೆಂಡತಿಯ ಕೈಯಿಂದ. ಆಮೇಲೆ ಅವರು ಮೇಲಿದ್ದು, ಒಳಗೆ ಹೋಗಿ ಅಲ್ಲಾಡದೆ ಸುಮ್ನೆ ಇರುವುದು. ಕೊನೆಗೆ ನಿಧಾನದ ಚಲನೆ. 'ಈಗ ನಿಲ್ಲು' ಅನ್ನುವುದಕ್ಕೆ ಒಂದು ಮಾತೋ, ಭುಜ ಒತ್ತುವುದೋ ಏನಾದರೂ ಮೊದಲೇ ಗೊತ್ತುಮಾಡಿಕೊಳ್ಳಿ. ಒಂದು ಮೆಟ್ಟಿಲು ಗಟ್ಟಿಯಾಗದೆ ಮುಂದಿನದಕ್ಕೆ ಹೋಗಬೇಡಿ. ಕೆಲವು ವಾರಗಳೇ ಹಿಡಿಯುತ್ತವೆ.

ಇದರ ಜೊತೆಗೆ ಮೂತ್ರವನ್ನು ನಡುವೆ ತಡೆಯುವಾಗ ಬಳಸುತ್ತೇವಲ್ಲ, ಆ ಸ್ನಾಯುಗಳ ವ್ಯಾಯಾಮವೂ ಇರಲಿ. ಸ್ನಾಯು ಯಾವುದು ಅಂತ ಗೊತ್ತಾದ ಮೇಲೆ ಮೂತ್ರ ಮಾಡುವಾಗ ಅಭ್ಯಾಸ ಮಾಡುವುದು ಬೇಡ, ಕೂತಾಗ ಮಲಗಿದಾಗ ಮಾಡಿ. ಐದು ಸೆಕೆಂಡು ಬಿಗಿಹಿಡಿದು ಐದು ಸೆಕೆಂಡು ಪೂರ್ತಿ ಬಿಡಿ. ಬಿಡುವುದಕ್ಕೂ ಅಷ್ಟೇ ಗಮನ ಕೊಡಿ. ಮಿಲನದ ಹೊತ್ತಿನಲ್ಲಿ ಸ್ನಾಯು ಬಿಗಿಹಿಡಿದುಕೊಂಡೇ ಇರುವುದರಿಂದ ಬೇಗ ಆಗುವವರೂ ಇದ್ದಾರೆ. ಎರಡು ಮೂರು ತಿಂಗಳು ಬಿಡದೆ ಮಾಡಿದರೆ ವ್ಯತ್ಯಾಸ ಕಾಣಬಹುದು.

ಒಂದು ಮಾತು ನೇರವಾಗಿ ಹೇಳಬೇಕು. ಶುರುವಿನಿಂದಲೂ ಇರುವ ನಿಮ್ಮಂಥವರಿಗೆ ಬರೀ ಅಭ್ಯಾಸ ಸಾಲದೇ ಹೋಗಬಹುದು. ಔಷಧಿಯೂ ಅಭ್ಯಾಸವೂ ಜೊತೆಯಾದರೆ ಫಲ ಜಾಸ್ತಿ. ಮೂತ್ರರೋಗ ತಜ್ಞರನ್ನೋ ಮನೋವೈದ್ಯರನ್ನೋ ಒಮ್ಮೆ ನೋಡಿ. ಇಬ್ಬರೂ ಹೋದರೆ ಇನ್ನೂ ಒಳ್ಳೆಯದು.

ಪ್ರಶ್ನೆ: 48 ವರ್ಷ. ಇಷ್ಟು ವರ್ಷ ಎಲ್ಲ ಚೆನ್ನಾಗಿತ್ತು. ಆರೇಳು ತಿಂಗಳಿಂದ ಒಂದೆರಡು ನಿಮಿಷಕ್ಕೇ ಮುಗಿಯುತ್ತಿದೆ. ನಿಮಿರಿದ್ದೂ ಮೊದಲಿನಷ್ಟು ಗಟ್ಟಿ ಇಲ್ಲ. ವಯಸ್ಸಾಯಿತು ಅಂತ ಸುಮ್ಮನಿರಬೇಕೇ?

ಉತ್ತರ: ಬೇಡ, ಸುಮ್ಮನಿರಬೇಡಿ. ಚೆನ್ನಾಗಿದ್ದವರಿಗೆ ಹೊಸದಾಗಿ ಶುರುವಾದರೆ ಅದರ ಹಿಂದೆ ಏನೋ ಒಂದು ಇರುತ್ತದೆ, ಅದನ್ನು ಹುಡುಕಬೇಕು.

ನಿಮ್ಮಲ್ಲಿ ನನ್ನ ಮೊದಲ ಅನುಮಾನ ನಿಮಿರುವಿಕೆಯ ಮೇಲೇ. ಗಟ್ಟಿತನ ಎಲ್ಲಿ ಹೋಗಿಬಿಡುತ್ತದೋ ಅನ್ನುವ ಭಯಕ್ಕೆ ಗಂಡಸರು ತಮಗೇ ಗೊತ್ತಿಲ್ಲದೆ ಅವಸರ ಮಾಡುತ್ತಾರೆ. ಹೀಗಿದ್ದಾಗ ಮೊದಲು ನಿಮಿರುವಿಕೆಗೆ ಚಿಕಿತ್ಸೆ ಕೊಡುತ್ತೇವೆ. ಅದು ಸರಿಹೋದರೆ ಸ್ಖಲನದ ತೊಂದರೆ ತಾನಾಗಿ ಕಡಿಮೆಯಾಗುವುದೂ ಉಂಟು. ಸಕ್ಕರೆ, ಬಿಪಿ, ಕೊಲೆಸ್ಟರಾಲ್ ಪರೀಕ್ಷೆ ತಪ್ಪದೆ ಮಾಡಿಸಿ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು. ಹಾಗಾಗಿ ರಕ್ತನಾಳದ ಕಾಯಿಲೆ ಇದ್ದರೆ ಎದೆನೋವು ಬರುವುದಕ್ಕೆ ಎಷ್ಟೋ ಮೊದಲೇ ಇಲ್ಲಿ ಗೊತ್ತಾಗಬಹುದು. ಸಿಗರೇಟು ಸೇದುವವರಾದರೆ ಇದನ್ನು ಖಂಡಿತ ಹಗುರವಾಗಿ ತೆಗೆದುಕೊಳ್ಳಬೇಡಿ.

ಥೈರಾಯ್ಡ್ ಕೂಡ ನೋಡಿಸಿ. ಅದು ಜಾಸ್ತಿ ಕೆಲಸ ಮಾಡುತ್ತಿದ್ದರೆ ತೂಕ ಇಳಿಯುತ್ತದೆ, ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ಸ್ಖಲನವೂ ಬೇಗ ಆಗುತ್ತದೆ. ಥೈರಾಯ್ಡ್ ಹತೋಟಿಗೆ ಬಂದರೆ ಇದೂ ಸುಧಾರಿಸುತ್ತದೆ. ಮೂತ್ರ ಮಾಡುವಾಗ ಉರಿ, ಕೆಳಹೊಟ್ಟೆಯಲ್ಲೋ ವೃಷಣದ ಹಿಂದೆಯೋ ನೋವು ಇದ್ದರೆ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರಬಹುದು. ಇವು ಯಾವುದೂ ಇಲ್ಲದಿದ್ದರೆ ಮನಸ್ಸಿನ ಒತ್ತಡ, ಮನೆಯಲ್ಲಿನ ಮುನಿಸು, ಇತ್ತೀಚೆಗೆ ಬಿಟ್ಟ ಅಥವಾ ಶುರುಮಾಡಿದ ಮಾತ್ರೆ, ಎಲ್ಲವನ್ನೂ ವೈದ್ಯರಿಗೆ ಬಿಚ್ಚಿ ಹೇಳಿ.

ಪ್ರಶ್ನೆ: ಔಷಧಿ ಅಂಗಡಿಯಲ್ಲಿ ಕೇಳಿ ಡಪಾಕ್ಸೆಟಿನ್ 60 ಎಂಜಿ ತಗೊಂಡೆ. ಕೆಲಸ ಮಾಡಿತು. ಒಂದು ದಿನ ಸ್ವಲ್ಪ ಕುಡಿದಿದ್ದೆ, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುವ ಹಾಗಾಯಿತು. ಮುಂದುವರಿಸಬಹುದಾ?

ಉತ್ತರ: ವೈದ್ಯರನ್ನು ನೋಡುವವರೆಗೆ ನಿಲ್ಲಿಸಿ. ಮಾತ್ರೆ ಕೆಟ್ಟದ್ದು ಅಂತಲ್ಲ. ಶೀಘ್ರ ಸ್ಖಲನಕ್ಕೆಂದೇ ತಯಾರಾಗಿ ಹಲವು ದೇಶಗಳಲ್ಲಿ ಅನುಮತಿ ಪಡೆದ ಔಷಧಿ ಇದು. ಆದರೆ ಶುರುಮಾಡಬೇಕಾದ್ದು 30 ಎಂಜಿಯಿಂದ. ಮಿಲನಕ್ಕೆ ಒಂದರಿಂದ ಮೂರು ಗಂಟೆ ಮೊದಲು, ಒಂದು ಲೋಟ ನೀರಿನ ಜೊತೆ ನುಂಗಬೇಕು. 24 ಗಂಟೆಗೆ ಒಂದಕ್ಕಿಂತ ಹೆಚ್ಚು ಬೇಡ. ವಾಕರಿಕೆ, ತಲೆಸುತ್ತು, ತಲೆನೋವು ಬರಬಹುದು. ಎದ್ದು ನಿಂತಾಗ ಬಿಪಿ ಇಳಿದು ಪ್ರಜ್ಞೆ ತಪ್ಪಬಹುದು, ಮದ್ಯ ಸೇರಿದರೆ ಆ ಅಪಾಯ ಹೆಚ್ಚುತ್ತದೆ. ನಿಮಗೆ ಆದದ್ದು ಅದೇ ಇರಬೇಕು. ಕಣ್ಣು ಕತ್ತಲೆ ಬಂದರೆ ತಕ್ಷಣ ಮಲಗಿ, ಕಾಲು ಎತ್ತರದಲ್ಲಿಡಿ.

ಹೃದಯದ ಕಾಯಿಲೆ ಇರುವವರಿಗೆ, ಖಿನ್ನತೆಯ ಮಾತ್ರೆ ತಗೊಳ್ಳುವವರಿಗೆ ಇದನ್ನು ಕೊಡುವ ಹಾಗಿಲ್ಲ. ಮೈಗ್ರೇನಿಗೆ ಟ್ರಿಪ್ಟಾನ್ ಗುಂಪಿನ ಔಷಧಿ, ನೋವಿಗೆ ಟ್ರಮಡಾಲ್ ಬಳಸುವವರೂ ಅಷ್ಟೇ. ಔಷಧಿ ಅಂಗಡಿಯವರಿಗೆ ನಿಮ್ಮ ಇತಿಹಾಸ ಗೊತ್ತಿರುವುದಿಲ್ಲ, ಅಲ್ವಾ?

ಬೇರೆ ದಾರಿಗಳೂ ಇವೆ. ಪ್ಯಾರೊಕ್ಸೆಟಿನ್, ಸೆರ್ಟ್ರಲಿನ್‌ನಂಥ ಮಾತ್ರೆಗಳನ್ನು ದಿನವೂ ಕಡಿಮೆ ಪ್ರಮಾಣದಲ್ಲಿ ಕೊಡುತ್ತೇವೆ. ಇವು ಮೂಲತಃ ಖಿನ್ನತೆಯ ಔಷಧಿ. ಚೀಟಿ ನೋಡಿ 'ನನಗೇನು ಹುಚ್ಚಾ' ಅಂತ ಬೇಜಾರು ಮಾಡಿಕೊಳ್ಳಬೇಡಿ, ಇಲ್ಲಿ ಬೇಕಿರುವುದು ಸ್ಖಲನ ತಡಮಾಡುವ ಅವುಗಳ ಗುಣ. ಪರಿಣಾಮ ಕಾಣಲು ಒಂದೆರಡು ವಾರ ಬೇಕು. ಇದ್ದಕ್ಕಿದ್ದಂತೆ ಬಿಟ್ಟರೆ ತಲೆಸುತ್ತು, ಕಿರಿಕಿರಿ, ನಿದ್ದೆಗೇಡು ಶುರುವಾಗುತ್ತದೆ. ಬಿಡುವಾಗ ನಿಧಾನವಾಗಿ ಇಳಿಸಬೇಕು. ಕಾಮಾಸಕ್ತಿಯೇ ಕಡಿಮೆಯಾಗುವವರೂ ಇದ್ದಾರೆ. ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ಮೊದಲೇ ಹೇಳಿ, ಇವು ವೀರ್ಯಾಣುಗಳ ಮೇಲೆ ಪರಿಣಾಮ ಮಾಡಬಹುದು.

ಮಾತ್ರೆ ಬೇಡ ಅನ್ನುವವರಿಗೆ ಚರ್ಮವನ್ನು ಮರಗಟ್ಟಿಸುವ ಲಿಡೊಕೇನ್-ಪ್ರಿಲೊಕೇನ್ ಕ್ರೀಮು ಇದೆ. 10ರಿಂದ 20 ನಿಮಿಷ ಮೊದಲು ಶಿಶ್ನದ ತುದಿಗೆ ತೆಳ್ಳಗೆ ಹಚ್ಚಿ, ಆಮೇಲೆ ಚೆನ್ನಾಗಿ ತೊಳೆದುಕೊಳ್ಳಬೇಕು. ತೊಳೆಯದೆ ಸೇರಿದರೆ ಸಂಗಾತಿಗೂ ಮರಗಟ್ಟುತ್ತದೆ. ಜಾಸ್ತಿ ಹಚ್ಚಿದರೆ ನಿಮಗೇ ಏನೂ ಗೊತ್ತಾಗುವುದಿಲ್ಲ, ನಿಮಿರಿದ್ದೂ ಇಳಿಯುತ್ತದೆ.

ಟ್ರಮಡಾಲ್ ನುಂಗಿದರೆ ತಡವಾಗುತ್ತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಅದು ಚಟ ಹಿಡಿಸುವ ಔಷಧಿ. 'ಪೂರ್ತಿ ಗಿಡಮೂಲಿಕೆ' ಅಂತ ಬರೆದ ಶಕ್ತಿವರ್ಧಕ ಡಬ್ಬಿಗಳಿಂದಲೂ ದೂರ ಇರಿ. ಇಂಥವುಗಳಲ್ಲಿ ನಿಮಿರುವಿಕೆಯ ಔಷಧಿಯಾದ ಸಿಲ್ಡೆನಾಫಿಲ್ ಅನ್ನು ಗುಟ್ಟಾಗಿ ಬೆರೆಸಿದ್ದನ್ನು ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮತ್ತೆ ಮತ್ತೆ ಪತ್ತೆ ಮಾಡಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತಗೊಳ್ಳುವವರ ಹೊಟ್ಟೆಗೆ ಅದು ಹೋದರೆ ಬಿಪಿ ಒಮ್ಮೆಲೇ ಕುಸಿದು ಪ್ರಾಣಕ್ಕೇ ಅಪಾಯ.

ಪ್ರಶ್ನೆ: ತೊಂದರೆ ನನ್ನ ಗಂಡನದು. ಬೇಗ ಮುಗಿದ ತಕ್ಷಣ ಅತ್ತ ತಿರುಗಿ ಮಲಗಿಬಿಡುತ್ತಾರೆ. ಮಾತು ತೆಗೆದರೆ ಸಿಟ್ಟು. ನನ್ನಲ್ಲೇ ಏನಾದರೂ ಕೊರತೆ ಇದೆಯಾ? ನಮಗೆ ಮಗುವೂ ಬೇಕು.

ಉತ್ತರ: ನಿಮ್ಮಲ್ಲಿ ಕೊರತೆ ಇಲ್ಲಮ್ಮ. ಅವರು ಅತ್ತ ತಿರುಗುವುದು ನಿಮ್ಮ ಮೇಲಿನ ಬೇಸರಕ್ಕೆ ಇರಲಾರದು, ಬಹಳ ಗಂಡಸರು ನಾಚಿಕೆಗೆ ಹಾಗೆ ಮಾಡುತ್ತಾರೆ. ಆದರೂ ಆ ಮೌನ ನಿಮಗೆ ಎಷ್ಟು ನೋಯುತ್ತದೆ ಅನ್ನುವುದು ಅವರಿಗೆ ಗೊತ್ತಾಗಬೇಕು.

ಈ ಮಾತನ್ನು ಹಾಸಿಗೆಯ ಮೇಲೆ ಎತ್ತಬೇಡಿ. ಆಗತಾನೇ ಸೋತೆ ಅಂದುಕೊಂಡವರ ಕಿವಿಗೆ ಏನು ಹೇಳಿದರೂ ದೂರಿನ ಹಾಗೇ ಕೇಳುತ್ತದೆ. ಇಬ್ಬರೂ ನಡೆಯಲು ಹೋದಾಗಲೋ, ಕೆಲಸ ಮಾಡುತ್ತಾ ಪಕ್ಕಪಕ್ಕ ಇದ್ದಾಗಲೋ ಹೇಳಿ. 'ನಿಮಗೆ ಹೀಗಾಗುತ್ತೆ' ಅನ್ನುವುದಕ್ಕಿಂತ 'ಮುಗಿದ ಮೇಲೂ ನೀವು ನನ್ನ ಜೊತೆ ಇರಬೇಕು ಅನ್ನಿಸುತ್ತೆ' ಅನ್ನಿ. ನಿಮಗೆ ಏನು ಹಿತ ಅಂತಲೂ ಹೇಳಿ. ಒಳಗೆ ಹೋಗುವುದರಿಂದಲೇ ಸುಖದ ತುದಿ ಮುಟ್ಟದ ಹೆಂಗಸರು ಬಹಳ. ಎಷ್ಟೋ ಜನಕ್ಕೆ ಕೈಯೋ ಬಾಯಿಯೋ ಬೇಕೇ ಬೇಕು. ಅವರ ಸ್ಖಲನ ಆಯಿತು ಅಂದಮಾತ್ರಕ್ಕೆ ನಿಮ್ಮದೂ ಮುಗಿಯಬೇಕು ಅಂತ ಯಾರು ಹೇಳಿದ್ದು? ನಿಮ್ಮದು ಮೊದಲು ಆಗಲಿ, ಅಥವಾ ಅವರದಾದ ಮೇಲೆ ಆಗಲಿ. ಈ ಒಂದು ತಿಳುವಳಿಕೆ ಬಂದರೆ ಅವರ ಮೇಲಿನ ಒತ್ತಡವೂ ಇಳಿಯುತ್ತದೆ.

ಮಗುವಿನ ಬಗ್ಗೆ: ವೀರ್ಯ ಯೋನಿಯೊಳಗೆ ಬೀಳುತ್ತಿದ್ದರೆ ಬೇಗ ಆಗುವುದರಿಂದ ಗರ್ಭಕ್ಕೆ ಅಡ್ಡಿ ಇಲ್ಲ. ಒಳಗೆ ಹೋಗುವ ಮೊದಲೇ ಆಗಿಬಿಡುತ್ತಿದ್ದರೆ ವೈದ್ಯರಿಗೆ ಹೇಳಿ. ವೀರ್ಯ ಸಂಗ್ರಹಿಸಿ ಗರ್ಭಕೋಶಕ್ಕೆ ಸೇರಿಸುವ ಸರಳ ವಿಧಾನ ಇದೆ.

ಪ್ರಶ್ನೆ: 22 ವರ್ಷ. ಹಸ್ತಮೈಥುನದ ಅಭ್ಯಾಸ ಇದೆ. ಇತ್ತೀಚೆಗೆ ಗೆಳತಿಯ ಜೊತೆ ಮೊದಲ ಸಲ ಸೇರಿದಾಗ ಕೂಡಲೇ ಆಗಿಹೋಯಿತು. ನರ ದುರ್ಬಲವಾಗಿದೆಯಾ?

ಉತ್ತರ: ಇಲ್ಲ. ಹಸ್ತಮೈಥುನದಿಂದ ನರ ದುರ್ಬಲ ಆಗುವುದಿಲ್ಲ, ಶೀಘ್ರ ಸ್ಖಲನವೂ ಬರುವುದಿಲ್ಲ. ಮೊದಲ ಸಲ, ಹೊಸ ಸಂಗಾತಿಯ ಜೊತೆ, ಅಥವಾ ಬಹಳ ದಿನ ಬಿಟ್ಟು ಸೇರಿದಾಗ ಬೇಗ ಆಗುವುದು ಸಹಜ. ಒಂದು ಸಲ ಆದದ್ದನ್ನು ಕಾಯಿಲೆ ಅನ್ನಲಾಗದು. ಸುಮಾರು ಆರು ತಿಂಗಳು, ಹೆಚ್ಚುಕಡಿಮೆ ಪ್ರತಿ ಸಲ ಹೀಗೇ ಆದರೆ ಆಗ ನೋಡೋಣ. ಅಲ್ಲಿಯವರೆಗೆ ಕಾಂಡೋಮ್ ಬಳಸಿ. ಸ್ಪರ್ಶ ಸ್ವಲ್ಪ ಕಡಿಮೆಯಾಗಿ ಕೆಲವರಿಗೆ ತಡವಾಗುತ್ತದೆ, ಬೇಡದ ಗರ್ಭ ಮತ್ತು ಸೋಂಕಿನಿಂದಲೂ ಇಬ್ಬರಿಗೂ ರಕ್ಷಣೆ ಸಿಗುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಅಭ್ಯಾಸವನ್ನು ನೀವೂ ಈಗಿನಿಂದಲೇ ಶುರುಮಾಡಬಹುದು.