ಇಗ್ನಿಷನ್ ದೀಪ ಒಂದನ್ನು ಬಿಟ್ಟು ಎಲ್ಲಕ್ಕೂ ಎಲ್‌ಇಡಿ ಹಾಕಿ

ನಿಮ್ಮ 1972ರ ಎಂಜಿಬಿ ಕಾರಿನ ಮಂಕು ಮೀಟರ್‌ಗಳಿಗೆ ಎಲ್‌ಇಡಿ ಹಾಕಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ಹಾಕಿ ಸರ್. ಅದರಲ್ಲಿರುವ ಸ್ಮಿತ್ಸ್ ಕಂಪನಿಯ ಮೀಟರ್‌ಗಳಲ್ಲಿ ಇರುವುದು 12 ವೋಲ್ಟ್, 2.2 ವ್ಯಾಟ್‌ನ ಸ್ಕ್ರೂ ಬಲ್ಬ್. ಅದೇ ಸ್ಕ್ರೂ ಅಳತೆಯ, ಅಂದರೆ ಇ10 ಎಲ್‌ಇಡಿ ಸರಿಯಾಗಿ ಕೂರುತ್ತದೆ. ವಾರ್ಮ್ ವೈಟ್ (ಹಳದಿ ಛಾಯೆಯ ಬಿಳಿ) ತಗೊಳ್ಳಿ. ಅಚ್ಚ ಬಿಳಿ ಹಾಕಿದರೆ ಹಳೇ ಕಾರು ಮೊಬೈಲ್ ಅಂಗಡಿ ಥರ ಕಾಣುತ್ತದೆ!

ಆದರೆ ಇಗ್ನಿಷನ್‌ನ ಕೆಂಪು ದೀಪಕ್ಕೆ ಹಳೇ ಬಲ್ಬೇ ಇರಲಿ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಚಾರ್ಜಿಂಗ್ ಶುರು ಮಾಡಲು ಬೇಕಾದ ಕರೆಂಟ್ ಆ ಬಲ್ಬಿನ ಮೂಲಕವೇ ಹೋಗುತ್ತದೆ. ಎಲ್‌ಇಡಿ ಅಷ್ಟು ಕರೆಂಟ್ ಬಿಡುವುದಿಲ್ಲ. ಬ್ಯಾಟರಿ ಚಾರ್ಜ್ ಆಗದೆ ನಡುದಾರಿಯಲ್ಲಿ ನಿಲ್ಲುವುದು ಯಾಕೆ, ಅಲ್ವಾ?

ಮೀಟರ್ ಬೆಳಕು ಹೆಚ್ಚು ಕಡಿಮೆ ಮಾಡುವ ಡಿಮ್ಮರ್ ಇದ್ದರೆ ಎಲ್‌ಇಡಿ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ಎಲ್‌ಇಡಿ ಕೊಳ್ಳುವ ಮೊದಲು ಬಲ್ಬ್ ಹೋಲ್ಡರ್‌ಗಳ ತುಕ್ಕು ಉಜ್ಜಿ, ಅರ್ತ್ ವೈರ್ ಬಿಗಿ ಮಾಡಿ ನೋಡಿ, ಮಂಕು ಅಷ್ಟಕ್ಕೇ ಹೋಗಬಹುದು.