ಸಮ ಬಂದರೆ ಶೋ ಕೇಳಿದವ ಸೋಲಬೇಕಾ?

ಪ್ರಶ್ನೆ: ಭಾನುವಾರ ಸಂಜೆ ಬಿಜೈಯ ನಮ್ಮ ಮನೆಯಲ್ಲಿ ಐದಾರು ಮಂದಿ ಸೇರಿ, ಹುಣಸೆ ಬೀಜ ಇಟ್ಟು ಪೋಕರ್ ಆಡುತ್ತೇವೆ. ಟೆಕ್ಸಾಸ್ ಹೋಲ್ಡೆಮ್: ಕೈಯಲ್ಲಿ ಎರಡೆರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ್ದು ಐದು, ಈ ಏಳರಲ್ಲಿ ಒಳ್ಳೆಯ ಐದು ಲೆಕ್ಕಕ್ಕೆ. ಮೊನ್ನೆ ಕೊನೆ ಸುತ್ತಿನಲ್ಲಿ ಭಾವ ಹತ್ತು ಬೀಜ ಹಾಕಿದರು, ನಾನೂ ಹತ್ತು ಹಾಕಿದೆ. "ಶೋ ಕೇಳಿದ್ದು ನೀನು, ಮೊದಲು ನೀನೇ ತೋರಿಸು" ಅಂದರು. ನೋಡಿದರೆ ಇಬ್ಬರಲ್ಲೂ ಎಕ್ಕ, ರಾಜ. "ಸಮ ಬಂದರೆ ಶೋ ಕೇಳಿದವ ಸೋತ" ಅಂತ ರಾಶಿ ಎಳೆದುಕೊಂಡರು. ಇನ್ನೊಂದು ಆಟದಲ್ಲಿ, ಆಗಲೇ ಎಲೆ ಬಿಟ್ಟು ಪ್ಯಾಕ್ ಆಗಿದ್ದ ಗೆಳೆಯ ಸೋತವರ ಎಲೆ ನೋಡಲೇಬೇಕು ಅಂತ ಹಟ ಹಿಡಿದ. ನೋಡಬಹುದು ಅಂತ ಒಂದು ನಿಯಮ, ನೋಡಬಾರದು ಅಂತ ಇನ್ನೊಂದು. ಯಾವುದು ಸರಿ?
– ಓದುಗ, ಮಂಗಳೂರು

ಉತ್ತರ: ಆ ರಾಶಿಯಲ್ಲಿ ಅರ್ಧ ನಿಮ್ಮದು. ಭಾವ ಹೇಳಿದ್ದು ತೀನ್ ಪತ್ತಿಯ ನಿಯಮ. ಕಾಪುವಿನ ನಮ್ಮ ಮನೆ ಜಗಲಿಯಲ್ಲಿ ಮಳೆಗಾಲ ಪೂರ್ತಿ ಆಡುತ್ತಿದ್ದದ್ದು ಅದನ್ನೇ. ಇಬ್ಬರೇ ಉಳಿದಾಗ ಒಬ್ಬ ಬೆಲೆ ಕೊಟ್ಟು ಶೋ ಕೇಳುತ್ತಾನೆ, ಸಮ ಬಂದರೆ ಕೇಳಿದವನಿಗೆ ಸೋಲು. ಪೋಕರಿನಲ್ಲಿ ಹಾಗೆ ಶೋ ಕೇಳುವುದೇ ಇಲ್ಲ. ನೀವು ಮಾಡಿದ್ದು ಕಾಲ್, ಅಂದರೆ ಅವರು ಹಾಕಿದಷ್ಟೇ ಹಾಕುವುದು. ಕೊನೆ ಸುತ್ತಿನಲ್ಲಿ ಕೊನೆಯದಾಗಿ ಬೆಟ್ ಕಟ್ಟಿದವರು ಅಥವಾ ಏರಿಸಿದವರು ಮೊದಲು ತೋರಿಸಬೇಕು. ಅವರ ಎಲೆ ನೋಡಲಿಕ್ಕೇ ತಾನೇ ನೀವು ಬೀಜ ಕೊಟ್ಟದ್ದು, ಅಲ್ವಾ? ಎಲ್ಲರೂ ಏನೂ ಹಾಕದೆ ಸುಮ್ನೆ ಚೆಕ್ ಮಾಡಿದ್ದರೆ, ಆ ಸುತ್ತಿನ ಮೊದಲ ಸರದಿಯವರು ತೋರಿಸಬೇಕು. ಲೆಕ್ಕಕ್ಕೆ ಬರುವ ಐದೂ ಎಲೆ ಸಮ ಇದ್ದರೆ ರಾಶಿ ಪಾಲಾಗುತ್ತದೆ. ಇಸ್ಪೀಟ್ ದೊಡ್ಡದು, ಆಟೀನ್ ಸಣ್ಣದು ಅನ್ನುವ ಲೆಕ್ಕ ಇಲ್ಲಿಲ್ಲ. ಒಂದು ಬೀಜ ಜಾಸ್ತಿ ಉಳಿದರೆ, ಗೆದ್ದವರಲ್ಲಿ ಡೀಲರ್‌ನ ಎಡಗಡೆ ಮೊದಲು ಕೂತವರಿಗೆ.

ಗೆಳೆಯನ ವಿಷಯದಲ್ಲಿ ಮಾತ್ರ ನಿಯಮಗಳೇ ಜಗಳವಾಡುತ್ತವೆ. 'ರಾಬರ್ಟ್ಸ್ ರೂಲ್ಸ್ ಆಫ್ ಪೋಕರ್' ಅನ್ನುವ ನಿಯಮಾವಳಿ ಪ್ರಕಾರ, ಆ ಆಟದಲ್ಲಿ ಎಲೆ ಹಂಚಿಸಿಕೊಂಡ ಯಾರಾದರೂ ಶೋಡೌನ್, ಅಂದರೆ ಕೊನೆಗೆ ಎಲೆ ತೋರಿಸುವ ಹಂತದ ತನಕ ಬಂದ ಎಲೆ ನೋಡಬೇಕು ಅನ್ನಬಹುದು. ಅತಿಯಾಗಿ ಕೇಳಿದರೆ ಆ ಹಕ್ಕು ಹೋಗುತ್ತದೆ. ಟೂರ್ನಮೆಂಟ್ ನಡೆಸುವವರ ಸಂಘ ಟಿಡಿಎ 2001ರಲ್ಲಿ ಶುರುವಾಯಿತು. ಅದರ ನಿಯಮದಲ್ಲಿ ಪ್ಯಾಕ್ ಆದವರಿಗೆ ಕೇಳುವ ಹಕ್ಕೇ ಇಲ್ಲ. ಕೊನೆ ಬೆಟ್ಟಿಗೆ ಕಾಲ್ ಮಾಡಿ ತಮ್ಮ ಎಲೆ ಬಿಡದೆ ಇದ್ದವರು ಮಾತ್ರ, ಆ ಬೆಟ್ ಕಟ್ಟಿದವರ ಎಲೆಯನ್ನು ಹಕ್ಕಿನಿಂದ ನೋಡಬಹುದು. ಮೊದಲನೆಯದು ಇರುವುದು ಇಬ್ಬರು ಒಳಗಿಂದೊಳಗೆ ಸೇರಿ ಮೋಸ ಮಾಡುತ್ತಾರಾ ಅಂತ ಪತ್ತೆ ಹಚ್ಚಲು. ಗುರುತಿಲ್ಲದವರು ಕೂತ ಕಡೆ ಅದು ಬೇಕು. ನಿಮ್ಮ ಮನೆಗೆ ನಾನು ಎರಡನೆಯದನ್ನೇ ಹೇಳುವೆ. ಒಬ್ಬರು ಹೇಗೆ ಆಡುತ್ತಾರೆ ಅನ್ನುವ ಗುಟ್ಟು ಸೋತ ಎಲೆಯಲ್ಲೂ ಇರುತ್ತದೆ. ಬೀಜ ಹಾಕದವರಿಗೆ ಅದನ್ನು ಯಾಕೆ ಬಿಟ್ಟುಕೊಡಬೇಕು? ಮುಂದಿನ ಭಾನುವಾರ ಎಲೆ ಹಂಚುವ ಮೊದಲೇ ಒಂದನ್ನು ಒಪ್ಪಿಕೊಳ್ಳಿ. ಆಟದ ನಡುವೆ ಬದಲಾಯಿಸಬೇಡಿ.

ಬೀಜದಲ್ಲೇ ಆಡುತ್ತಿದ್ದೀರಿ, ಸಂತೋಷ. ದುಡ್ಡು ತರಬೇಡಿ.

ಇನ್ನೊಂದು. ಭಾವ "ಫ್ಲಶ್" (ಐದೂ ಒಂದೇ ಜಾತಿಯ ಎಲೆ) ಅಂದ ಕೂಡಲೇ ನಿಮ್ಮ ಎಲೆ ಬಿಸಾಡಬೇಡಿ. ಪೋಕರಿನಲ್ಲಿ ಎಲೆ ತೋರಿಸುವಾಗ ಬಾಯಿಮಾತಿಗೆ ಬೆಲೆ ಇಲ್ಲ, ಮೇಜಿನ ಮೇಲಿನ ಎಲೆಗೆ ಮಾತ್ರ. ಅವರ ಎರಡೂ ಎಲೆ ಅಂಗಾತ ಬೀಳುವ ತನಕ ನಿಮ್ಮದು ಕೈಯಲ್ಲೇ ಇರಲಿ.