ಮಾವೊರಿ ಪಾಠ ನಮ್ಮ ಮಗುವಿಗೆ ಹೊರೆಯಾಗುತ್ತದೆಯೇ? ಹ್ಯಾಮಿಲ್ಟನ್ನಿನಿಂದ ಒಂದು ಉತ್ತರ

ಬರುವ ವರ್ಷ ಕುಟುಂಬ ಸಮೇತ ನ್ಯೂಜಿಲೆಂಡಿಗೆ ಬರುತ್ತಿರುವುದಾಗಿಯೂ, ಇಲ್ಲಿನ ಶಾಲೆಗಳಲ್ಲಿ ಈ ನಾಡಿನ ಮೂಲನಿವಾಸಿಗಳಾದ ಮಾವೊರಿ ಜನರ ಭಾಷೆ, ಹಾಡು, ಆಚಾರಗಳನ್ನು ಕಲಿಸುತ್ತಾರೆಂದು ಕೇಳಿರುವುದಾಗಿಯೂ ಬರೆದಿದ್ದೀರಿ. ಇಂಗ್ಲಿಷಿನ ಜೊತೆಗೆ ಇದೂ ಸೇರಿದರೆ ಏಳು ವರ್ಷದ ಮಗನಿಗೆ ಹೊರೆಯಾಗುವುದೇ, ಮನೆಯ ಕನ್ನಡಕ್ಕೆ ಪೆಟ್ಟು ಬೀಳುವುದೇ, ವಿನಾಯಿತಿ ಕೇಳಬಹುದೇ ಎಂಬುದು ನಿಮ್ಮ ಪ್ರಶ್ನೆ. ಧಾರ್ಮಿಕ ಅಥವಾ ಸಾಂಸ್ಕೃತಿಕ ಕಾರಣವಿದ್ದರೆ ಒಂದು ಪಾಠದಿಂದ ಮಗುವನ್ನು ಬಿಡಿಸುವಂತೆ ಪ್ರಾಂಶುಪಾಲರನ್ನು ಕೇಳಲು ಇಲ್ಲಿನ ಕಾನೂನಿನಲ್ಲಿ ಅವಕಾಶವಿದೆ. ಆದರೆ ದಯವಿಟ್ಟು ಕೇಳಬೇಡಿ. ನನ್ನ ಮಗಳು ಎಂಟನೆಯ ವಯಸ್ಸಿನಲ್ಲಿ ಹ್ಯಾಮಿಲ್ಟನ್ನಿನ ಒಂದು ಸರ್ಕಾರಿ ಶಾಲೆಗೆ ಸೇರಿದಳು. ಅವಳಿಗೆ ಕನ್ನಡದ ಮೇಲೆ ಹೊಸದಾಗಿ ಆಸೆ ಹುಟ್ಟಿಸಿದ್ದು ನನ್ನ ಉಪದೇಶವಲ್ಲ, ಆ ಶಾಲೆಯ ಮಾವೊರಿ ಪಾಠ. ಅದು ಹೇಗಾಯಿತೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಪಾಠ ಎಷ್ಟಿರುತ್ತದೆ ಎಂಬುದನ್ನು ಹೇಳಿಬಿಡುತ್ತೇನೆ. ಇಲ್ಲಿ ಬೋಧನೆಯ ಅರ್ಧಕ್ಕಿಂತ ಹೆಚ್ಚು ಭಾಗ ಮಾವೊರಿಯಲ್ಲೇ ನಡೆಯುವ ಶಾಲೆ, ತರಗತಿಗಳು ಬೇರೆಯೇ ಇವೆ. ನಿಮ್ಮ ಮಗ ಬಹುಶಃ ಸೇರುವುದು ಇಂಗ್ಲಿಷ್ ಮಾಧ್ಯಮದ ಶಾಲೆಗೆ. ಅಲ್ಲಿ ಮಾವೊರಿ ಎಷ್ಟು, ಹೇಗೆ ಎಂಬುದು ಶಾಲೆಯಿಂದ ಶಾಲೆಗೆ, ಶಿಕ್ಷಕರಿಂದ ಶಿಕ್ಷಕರಿಗೆ ಬದಲಾಗುತ್ತದೆ. ನಮ್ಮ ಮಗಳ ತರಗತಿಯಲ್ಲಿ ಬೆಳಗಿನ ವಂದನೆ, ಹಾಜರಿ, ‘ಕುಳಿತುಕೊಳ್ಳಿ’, ‘ಎದ್ದು ನಿಲ್ಲಿ’, ‘ಕೇಳಿಸಿಕೊಳ್ಳಿ’ ಎಂಬ ಸೂಚನೆಗಳು, ಬಣ್ಣ, ಅಂಕಿ, ತಿಂಗಳುಗಳ ಹೆಸರುಗಳು ದಿನವೂ ಮಾವೊರಿಯಲ್ಲಿ ನಡೆಯುತ್ತಿದ್ದವು. ವಾರಕ್ಕೊಮ್ಮೆ ಹಾಡು ಮತ್ತು ಕಪ ಹಕ ಎಂಬ ಗುಂಪು ನೃತ್ಯದ ಅಭ್ಯಾಸವಿರುತ್ತಿತ್ತು. ಇಷ್ಟರಿಂದ ಮಗು ನಿರರ್ಗಳವಾಗಿ ಮಾತನಾಡುವುದಿಲ್ಲ, ಹಾಗೆಯೇ ಇಷ್ಟು ಕಲಿಕೆಯಿಂದ ಯಾವ ಮಗುವಿನ ಬೆನ್ನೂ ಬಾಗುವುದಿಲ್ಲ.

ಇನ್ನು ಭಾಷೆಯ ಮಾತು. ಮಾವೊರಿಯಲ್ಲಿ ಐದು ಸ್ವರಗಳು, ಪ್ರತಿಯೊಂದಕ್ಕೂ ಹ್ರಸ್ವ ಮತ್ತು ದೀರ್ಘ ರೂಪ: ಅ ಆ, ಎ ಏ, ಇ ಈ, ಒ ಓ, ಉ ಊ. ನಮ್ಮ ಅಕ್ಷರಮಾಲೆಯೇ ಇದು. ಹಿಂದಿಯಲ್ಲಿ ಹ್ರಸ್ವ ಎ, ಒಗಳಿಗೆ ಬೇರೆ ಅಕ್ಷರವಿಲ್ಲ, ಇಂಗ್ಲಿಷಿನ ಬರಹಕ್ಕಂತೂ ಈ ಲೆಕ್ಕವೇ ಇಲ್ಲ. ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ ದೀರ್ಘ ಸ್ವರದ ನೆತ್ತಿಯ ಮೇಲೆ ಒಂದು ಅಡ್ಡಗೆರೆ ಎಳೆಯುತ್ತಾರೆ, ಅದನ್ನು ಬಿಟ್ಟರೆ ಅರ್ಥವೇ ಬದಲಾಗಬಹುದು. ‘ತಙತ’ ಎಂದರೆ ಒಬ್ಬ ಮನುಷ್ಯ, ‘ತಾಙತ’ ಎಂದರೆ ಹಲವರು. ‘ಕೆಕೆ’ ಎಂದರೆ ತಿನ್ನುವ ಕೇಕು, ‘ಕೇಕೇ’ ಎಂದರೆ ಕಂಕುಳು. ಇಂಗ್ಲಿಷ್ ಮನೆಮಾತಿನ ಮಕ್ಕಳು ತಡವರಿಸುವ ಈ ಭೇದ ಕನ್ನಡದ ಮಗುವಿಗೆ ಕಾಗುಣಿತದ ಜೊತೆಗೇ ಬಂದಿರುತ್ತದೆ. (ಪತ್ರಿಕೆಗಳಲ್ಲಿ ‘ಮಾವೋರಿ’ ಎಂದು ಅಚ್ಚಾಗುವುದನ್ನು ನೋಡಿದ್ದೇನೆ. ದೀರ್ಘವಿರುವುದು ಮೊದಲ ಅಕ್ಷರಕ್ಕೆ ಮಾತ್ರ, ಆದ್ದರಿಂದ ನಾನು ‘ಮಾವೊರಿ’ ಎಂದೇ ಬರೆಯುತ್ತೇನೆ.)

ಮೇಲಿನ ಸಾಲುಗಳಲ್ಲಿ ನೀವು ‘ಙ’ ಅಕ್ಷರವನ್ನು ಗಮನಿಸಿರಬೇಕು. ನಾವೆಲ್ಲರೂ ‘ಕ ಖ ಗ ಘ ಙ’ ಎಂದು ಬಾಯಿಪಾಠ ಮಾಡಿದವರೇ, ಆದರೆ ಆ ಕೊನೆಯ ಅಕ್ಷರದಿಂದ ಶುರುವಾಗುವ ಒಂದು ಪದವನ್ನೂ ಯಾವ ಮೇಷ್ಟರೂ ನಮಗೆ ಹೇಳಿಕೊಡಲಿಲ್ಲ. ಮಾವೊರಿಯಲ್ಲಿ ಅಂಥ ಪದಗಳು ಬೇಕಾದಷ್ಟಿವೆ. ಧನ್ಯವಾದ ಹೇಳುವಾಗ ‘ಙಾ ಮಿಹಿ’ ಎನ್ನುತ್ತಾರೆ, ಪಕ್ಕದ ಊರಿನ ಹೆಸರು ‘ಙಾರುವವಾಹಿಯ’. ಶಾಲೆಗೆ ಸೇರಿ ಎರಡು ತಿಂಗಳಾಗಿರಬಹುದು, ನಮ್ಮ ಮಗಳು ಒಂದು ಸಂಜೆ ಅಡುಗೆಮನೆಯ ಮೇಜಿನ ಬಳಿ ಕುಳಿತು, ಆವರೆಗೆ ಬೇಸರದಿಂದ ತಿದ್ದುತ್ತಿದ್ದ ಕನ್ನಡ ಕಾಪಿ ಪುಸ್ತಕದ ಹಿಂದಿನ ಹಾಳೆಯಲ್ಲಿ ‘ಫಕರೊಙೊ’ ಎಂದು ಬರೆದು ನನಗೆ ತೋರಿಸಿದಳು. ‘ಕೇಳಿಸಿಕೊಳ್ಳಿ’ ಎಂದು ಶಿಕ್ಷಕಿ ದಿನಕ್ಕೆ ಹತ್ತು ಸಲ ಹೇಳುವ ಮಾತು ಅದು. “ಅಮ್ಮಾ, ಇಂಗ್ಲಿಷಿನಲ್ಲಿ ಈ ‘ಙ’ಕ್ಕೆ ಎರಡು ಅಕ್ಷರ ಬೇಕು, ನಮ್ಮಲ್ಲಿ ಒಂದೇ ಸಾಕು” ಎಂದಳು. ಮರುದಿನ ತರಗತಿಯ ಹಲಗೆಯ ಮೇಲೆ ಆ ಅಕ್ಷರವನ್ನು ಬರೆದು ತೋರಿಸಿಯೂ ಬಂದಳು. ಕನ್ನಡ ಎಂದರೆ ಅಮ್ಮನ ಒತ್ತಾಯ ಎಂದುಕೊಂಡಿದ್ದ ಮಗುವಿಗೆ ಅದು ತನ್ನಲ್ಲಿರುವ, ಇತರರಲ್ಲಿಲ್ಲದ ಒಂದು ಆಸ್ತಿಯಾಗಿ ಕಂಡದ್ದು ಅಂದಿನಿಂದ.

ಇಂಥವು ಇನ್ನೂ ಇವೆ. ಮಾವೊರಿಯ ಪ್ರತಿ ಪದವೂ ಸ್ವರದಲ್ಲೇ ಮುಗಿಯಬೇಕು. ಆದ್ದರಿಂದ ನಾವು ಪೆನ್ನು, ಬಸ್ಸು ಎಂದು ‘ಉ’ ಸೇರಿಸಿ ಒಳಗೆ ಕರೆದುಕೊಂಡ ಇಂಗ್ಲಿಷ್ ಪದಗಳನ್ನು ಅವರು ‘ಪೆನೆ’, ‘ಪಹಿ’ ಎಂದು ಮಾಡಿಕೊಂಡಿದ್ದಾರೆ. ‘ನಾವು’ ಎಂಬುದಕ್ಕೆ ಅವರಲ್ಲಿ ಕೇಳುಗನನ್ನು ಸೇರಿಸಿಕೊಂಡರೆ ‘ತಾತೊಉ’, ಹೊರಗಿಟ್ಟರೆ ‘ಮಾತೊಉ’, ಇಬ್ಬರೇ ಇದ್ದರೆ ಅದಕ್ಕೂ ಬೇರೆ ಜೋಡಿ ಪದಗಳು. ಕನ್ನಡದಲ್ಲಿ ಈ ಭೇದ ಉಳಿದಿಲ್ಲವಾದ್ದರಿಂದ ನನಗೆ ಇದು ಕಷ್ಟವಾಯಿತು. ಉಡುಪಿಯ ಕಡೆಯವರಾದ, ತುಳು ಮನೆಮಾತಿನ ನನ್ನ ಪತಿಯವರು ಮಾತ್ರ ಮಗಳ ಹಾಳೆಯನ್ನು ಒಮ್ಮೆ ನೋಡಿ “ಇದು ನಮ್ಮ ‘ನಮ’ ಮತ್ತು ‘ಎಂಕುಲು’ ಅಲ್ಲವೇ” ಎಂದು ಮುಂದೆ ಹೋದರು.

ಶಾಲೆಯವರು ಇದಕ್ಕೆ ಏಕಿಷ್ಟು ಮಹತ್ವ ಕೊಡುತ್ತಾರೆಂದು ತಿಳಿದುಕೊಂಡು ಬಂದರೆ ಒಳ್ಳೆಯದು, ಏಕೆಂದರೆ ಈ ಭಾಷೆಯನ್ನು ಮಕ್ಕಳ ಬಾಯಿಂದ ಕಿತ್ತುಕೊಂಡದ್ದೂ ಶಾಲೆಯೇ. 1840ರ ಫೆಬ್ರವರಿ 6ರಂದು ವೈತಙಿಯಲ್ಲಿ ಬ್ರಿಟಿಷ್ ದೊರೆತನಕ್ಕೂ ಮಾವೊರಿ ಮುಖಂಡರಿಗೂ ಒಪ್ಪಂದವಾಯಿತು. 1867ರ ಕಾಯಿದೆಯೊಂದರ ಮೂಲಕ ಸರ್ಕಾರ ಮಾವೊರಿ ಊರುಗಳಲ್ಲಿ ಶಾಲೆಗಳನ್ನು ತೆರೆದು ಇಂಗ್ಲಿಷನ್ನೇ ಬೋಧನೆಯ ಭಾಷೆಯನ್ನಾಗಿ ಮಾಡಿತು. ಮುಂದಿನ ದಶಕಗಳಲ್ಲಿ ಶಾಲೆಯ ಆವರಣದಲ್ಲಿ ತಾಯ್ನುಡಿ ಆಡಿದ ಮಕ್ಕಳು ಏಟು ತಿಂದರು. ಮಾವೊರಿ ಹಿರಿಯರಾದ ಸರ್ ಜೇಮ್ಸ್ ಹೇನರೆಯವರು ತಮ್ಮ ಬಾಲ್ಯವನ್ನು ನೆನೆಯುತ್ತಾ, ಮಾವೊರಿ ಮಾತನಾಡಿದ ತಪ್ಪಿಗೆ ಕಾಡಿಗೆ ಹೋಗಿ ಬಳ್ಳಿಯ ಬೆತ್ತವನ್ನು ತಾವೇ ಕಡಿದು ತಂದು, ಅದರಿಂದಲೇ ಹೊಡೆಸಿಕೊಂಡದ್ದನ್ನು ಹೇಳಿದ್ದಾರೆ. ಇದನ್ನು ಓದಿದಾಗ ನನಗೆ ನೆನಪಾದದ್ದು ನನ್ನ ಅಕ್ಕನ ಮಗಳು. ನಮ್ಮ ನಾಡಿನಲ್ಲೇ, ಅವಳು ಓದಿದ ಶಾಲೆಯೊಂದರಲ್ಲಿ, ಆಟದ ಬಯಲಿನಲ್ಲಿ ಕನ್ನಡ ಮಾತನಾಡಿದ್ದಕ್ಕೆ ಅವಳು ಹತ್ತು ರೂಪಾಯಿ ದಂಡ ಕಟ್ಟಿದ್ದಳು.

ಮತ್ತೆ ಎತ್ತಿ ನಿಲ್ಲಿಸಿದ ಕಥೆ ಅದಕ್ಕಿಂತ ದೊಡ್ಡದು. ಶಾಲೆಗಳಲ್ಲಿ ಮಾವೊರಿಯನ್ನು ಕಲಿಸಬೇಕೆಂದು ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಸಹಿ ಇದ್ದ ಮನವಿಯನ್ನು 1972ರ ಸೆಪ್ಟೆಂಬರ್ 14ರಂದು ಸಂಸತ್ತಿಗೆ ಒಪ್ಪಿಸಲಾಯಿತು. ಅದರ ಹಿಂದೆ ಹಾನಾ ತೆ ಹೆಮಾರಾರಂಥ ಯುವಜನರಿದ್ದರು. 1982ರಲ್ಲಿ ವೆಲ್ಲಿಂಗ್ಟನ್ ಬಳಿಯ ವೈನುಯಿಯೊಮತದಲ್ಲಿ ಮೊದಲ ‘ಕೋಹಙ ರೆಯೊ’, ಅಂದರೆ ಭಾಷೆಯ ಗೂಡು, ಆರಂಭವಾಯಿತು. ಮಾವೊರಿ ಬಲ್ಲ ಅಜ್ಜಿ-ತಾತಂದಿರು ಶಾಲೆಗೆ ಹೋಗುವ ವಯಸ್ಸಾಗದ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಅದೊಂದೇ ಭಾಷೆಯಲ್ಲಿ ಆಡಿಸಿ ಬೆಳೆಸುವ ವ್ಯವಸ್ಥೆಯದು. ನಡುವಿನ ತಲೆಮಾರಿಗೆ ಭಾಷೆ ಕೈತಪ್ಪಿದ್ದರಿಂದ ಅಜ್ಜಿಯಿಂದ ಮೊಮ್ಮಗುವಿಗೆ ನೇರವಾಗಿ ದಾಟಿಸಿದರು. ಮೂರ‍್ನಾಲ್ಕು ವರ್ಷಗಳಲ್ಲಿ ಅಂಥ ಗೂಡುಗಳು ಮುನ್ನೂರನ್ನು ದಾಟಿದವು, ಅಲ್ಲಿ ಬೆಳೆದ ಮಕ್ಕಳಿಗಾಗಿ 1985ರಿಂದ ಮಾವೊರಿ ಮಾಧ್ಯಮದ ಶಾಲೆಗಳು ಹುಟ್ಟಿದವು, 1987ರ ಕಾನೂನು ಮಾವೊರಿಯನ್ನು ಅಧಿಕೃತ ಭಾಷೆಯನ್ನಾಗಿ ಮಾಡಿತು. 2023ರ ಜನಗಣತಿಯ ಪ್ರಕಾರ ಮಾವೊರಿ ಮಾತನಾಡಬಲ್ಲವರು ಸುಮಾರು 2.14 ಲಕ್ಷ, ದೇಶದ ಜನಸಂಖ್ಯೆಯ ಶೇಕಡಾ 4ರಷ್ಟು ಮಾತ್ರ. ಕೋಟಿಗಟ್ಟಲೆ ಜನ ಆಡುವ ಕನ್ನಡದಿಂದ ಬಂದ ನಮಗೆ ಈ ಸಂಖ್ಯೆ ಚಿಕ್ಕದೆನಿಸಬಹುದು, ಆದರೆ ಆ ಪ್ರತಿಯೊಂದು ಬಾಯಿಯ ಹಿಂದೆ ಯಾರೋ ಪಟ್ಟ ಶ್ರಮವಿದೆ.

ಆಚಾರಗಳ ವಿಷಯದಲ್ಲಿ ನಿಮಗಿರುವ ಅಳುಕು ನನಗೂ ಇತ್ತು. ಶಾಲೆಯಲ್ಲಿ ‘ತಪು’ ಎಂಬ ಮಾತು ಬರುತ್ತದೆ. ಪವಿತ್ರವಾದದ್ದು, ಮುಟ್ಟುವಾಗ ಎಚ್ಚರ ಬೇಕಾದದ್ದು ಎಂದು ಅರ್ಥ. ತಲೆ ತಪು, ಆದ್ದರಿಂದ ದಿಂಬಿನ ಮೇಲೆ ಕೂರಬಾರದು, ಇನ್ನೊಬ್ಬರ ತಲೆಯನ್ನು ಸುಮ್ಮನೆ ಮುಟ್ಟಬಾರದು. ಊಟ ಇಡುವ ಮೇಜಿನ ಮೇಲೆ ಕೂರಬಾರದು, ಟೋಪಿ ಇಡಬಾರದು. ಪಾತ್ರೆ ಒರೆಸುವ ಬಟ್ಟೆಯನ್ನು ಮೈಬಟ್ಟೆಯ ಜೊತೆ ತೊಳೆಯಬಾರದು. ಮುಸುರೆಯ ಲೆಕ್ಕ ನೋಡಿ ಬೆಳೆದ, ದಿಂಬಿನ ಮೇಲೆ ಕೂತಿದ್ದಕ್ಕೆ ಅಜ್ಜಿಯಿಂದ ಬೈಸಿಕೊಂಡ ನಮ್ಮಂಥವರಿಗೆ ಇದನ್ನು ಹೊಸದಾಗಿ ವಿವರಿಸಬೇಕಾಗಿಲ್ಲ. ಹೆಣ್ಣು ಶಿಕ್ಷಕಿಯನ್ನು ಮಕ್ಕಳು ‘ಫೈಯ’ ಎನ್ನುತ್ತಾರೆ, ತಾಯಿ-ಚಿಕ್ಕಮ್ಮಂದಿರನ್ನು ಕರೆಯುವ ಪದವದು. ನಾನು ಓದಿದ ಹಾವೇರಿಯ ಶಾಲೆಯಲ್ಲಿ ನಾವು ‘ಅಕ್ಕೋರು’ ಎನ್ನುತ್ತಿದ್ದಂತೆ. ‘ಫೆನುವ’ ಎಂಬ ಒಂದೇ ಪದಕ್ಕೆ ನೆಲ ಎಂದೂ ಅರ್ಥ, ಹೆರಿಗೆಯ ನಂತರ ಬೀಳುವ ಮಾಸು ಎಂದೂ ಅರ್ಥ, ಮಾಸನ್ನು ತಮ್ಮ ನೆಲದಲ್ಲೇ ಹೂಳುವುದು ಅವರ ಪದ್ಧತಿ. ಇದನ್ನು ಫೋನಿನಲ್ಲಿ ಕೇಳಿದ ನನ್ನ ತಾಯಿ, ನನ್ನದನ್ನು ಹಿತ್ತಿಲಲ್ಲಿ ಹೂತ ಜಾಗವನ್ನು ಮೊದಲ ಸಲ ಹೇಳಿದರು. ದಿನದ ಆರಂಭದಲ್ಲಿ ಹೇಳುವ ‘ಕರಕಿಯ’ ಕೆಲವು ಶಾಲೆಗಳಲ್ಲಿ ಕ್ರೈಸ್ತ ಪ್ರಾರ್ಥನೆಯ ರೂಪದಲ್ಲಿಯೂ, ಕೆಲವೆಡೆ ಗಾಳಿ, ಕಡಲು, ಬೆಳಗುಗಳನ್ನು ಕುರಿತ ಮಾತಾಗಿಯೂ ಇರುತ್ತದೆ. ನಿಮಗೆ ಮುಜುಗರವೆನಿಸಿದರೆ ಅದರ ಅರ್ಥವನ್ನು ಶಿಕ್ಷಕಿಯನ್ನೇ ಕೇಳಿ, ಸಂತೋಷದಿಂದ ಹೇಳುತ್ತಾರೆ. ಮಣ್ಣಿನ ಕುಳಿಯಲ್ಲಿ ಕಾದ ಕಲ್ಲುಗಳ ಮೇಲೆ ಬೇಯಿಸುವ ‘ಹಾಙೀ’ ಊಟದ ದಿನ ಮಾಂಸ ಮತ್ತು ಸಿಹಿಗೆಣಸು ಒಟ್ಟಿಗೆ ಬೇಯುತ್ತವೆ, ನೀವು ಸಸ್ಯಾಹಾರಿಗಳಾದರೆ ಮುಂಚೆಯೇ ತಿಳಿಸಿ.

ನನ್ನ ತಂದೆಯವರನ್ನು ಸೆಳೆದದ್ದು ಮತರಿಕಿ. ನಡುಚಳಿಗಾಲದ ಈ ಹಬ್ಬಕ್ಕೆ 2022ರಿಂದ ದೇಶಕ್ಕೆಲ್ಲ ರಜೆ. ಮತರಿಕಿ ಎಂದರೆ ನಮ್ಮ ಕೃತ್ತಿಕೆಯೇ. ಶಾಲೆಯಲ್ಲಿ ಒಂಬತ್ತು ನಕ್ಷತ್ರಗಳ ಹೆಸರು ಕಲಿಸುತ್ತಾರೆ: ಒಂದು ಆ ವರ್ಷ ತೀರಿಕೊಂಡವರಿಗೆ, ಒಂದು ನೆಲದೊಳಗಿನ ಬೆಳೆಗೆ, ಒಂದು ಸಿಹಿನೀರಿಗೆ, ಒಂದು ಮಳೆಗೆ ಸೇರಿದ್ದು, ಹೀಗೆ. ಜೂನ್ ಕೊನೆ, ಜುಲೈ ಮೊದಲ ವಾರಗಳಲ್ಲಿ ಬೆಳಗಿನ ಜಾವ ಮೂಡಣದಲ್ಲಿ ಅದು ಮತ್ತೆ ಕಾಣಿಸಿಕೊಂಡಾಗ ಹೊಸ ವರ್ಷ. ಹಾಗಾದರೆ ಅದಕ್ಕೆ ಮೊದಲು ಎಲ್ಲಿ ಹೋಗಿತ್ತು ಎಂದು ಮಗಳು ತಾತನನ್ನು ಕೇಳಿದಳು. ಮಳೆ ನಕ್ಷತ್ರಗಳ ಲೆಕ್ಕದಲ್ಲೇ ಬಿತ್ತನೆ ಮಾಡಿದ ಅವರು, ಮೇ ತಿಂಗಳ ನಡುವೆ ಸೂರ್ಯ ಕೃತ್ತಿಕೆಗೆ ಬರುತ್ತಾನೆ, ಆಗ ಬೀಳುವುದೇ ಕೃತ್ತಿಕೆ ಮಳೆ, ಸೂರ್ಯನ ಬೆಳಕಿನಲ್ಲಿ ಮುಳುಗಿದ ಚುಕ್ಕಿಗಳು ಅವನು ರೋಹಿಣಿ, ಮೃಗಶಿರವನ್ನು ದಾಟಿ ಮುಂದೆ ಹೋದ ಮೇಲೆ ಬೆಳಗಿನಲ್ಲಿ ಕಾಣುತ್ತವೆ ಎಂದು ತಿಳಿಸಿದರು. ಅವರ ಪಂಚಾಂಗವೂ ಅವಳ ಶಾಲೆಯ ಪಾಠವೂ ಒಂದೇ ಆಕಾಶವನ್ನು ಹೇಳುತ್ತಿದ್ದವು. ಆ ವರ್ಷದ ಹಬ್ಬದ ದಿನ ಅವಳೇ ನಮ್ಮನ್ನು ಐದೂವರೆಗೆ ಎಬ್ಬಿಸಿ, ಕಂಬಳಿ ಹೊದೆಸಿ ಹೊರಗೆ ಕರೆದುಕೊಂಡು ಹೋದಳು.

ಕೊನೆಯದಾಗಿ, ನೀವು ಸಿದ್ಧತೆ ಮಾಡಿಕೊಂಡೇ ಬರಬೇಕಾದದ್ದು ‘ಪೆಪೆಹ’. ಮಾವೊರಿ ಮಗು ತನ್ನನ್ನು ಪರಿಚಯಿಸಿಕೊಳ್ಳುವಾಗ ಮೊದಲು ಬೆಟ್ಟ, ಆಮೇಲೆ ನದಿ, ಕುಲ, ಹಿರಿಯರನ್ನು ಹೆಸರಿಸಿ, ಎಲ್ಲಕ್ಕಿಂತ ಕೊನೆಗೆ ತನ್ನ ಹೆಸರು ಹೇಳುತ್ತದೆ. ನಮ್ಮ ಸೀಮೆಯಲ್ಲಿ ಹೊಸಬರನ್ನು ‘ಯಾವೂರು? ಯಾರ ಪೈಕಿ?’ ಎಂದು ಕೇಳಿದ ಮೇಲೆಯೇ ಹೆಸರು ಕೇಳುವುದಲ್ಲವೇ. ಮಗಳು ಮೊದಲು ಇಲ್ಲಿನ ತೌಪಿರಿ ಬೆಟ್ಟ, ವೈಕತೊ ನದಿಗಳನ್ನೇ ‘ನನ್ನವು’ ಎಂದು ಬರೆದಿದ್ದಳು. ಅವಳ ಶಿಕ್ಷಕಿ ಪಕ್ಕದಲ್ಲಿ ಕುಳಿತು, ಮಾವೊರಿ ರಾಜರ ಸಮಾಧಿಗಳಿರುವ ಆ ಬೆಟ್ಟ ವೈಕತೊ ಕುಲದವರದು, ನೀನು ಅದರ ನೆರೆಯಲ್ಲಿ ವಾಸಿಸುತ್ತೀಯೆ ಎನ್ನಬಹುದು, ಆದರೆ ನಿನ್ನ ಹಿರಿಯರ ನದಿ ಯಾವುದೆಂದು ಮನೆಯಲ್ಲಿ ಕೇಳಿಕೊಂಡು ಬಾ ಎಂದು ಮೃದುವಾಗಿ ತಿದ್ದಿದರು. ಅಂದು ಸಂಜೆ ತಾತ ಹೇಳಿದ್ದನ್ನು ಅವಳು ಬರೆದುಕೊಂಡಳು: ಊರ ಅಂಚಿನ ವರದಾ ನದಿ, ಅದು ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವುದು, ತಾತನ ತಾತನ ಹೆಸರು. ‘ನೋ ಈನಿಯ ಓಕು ತೀಪುನ’, ನನ್ನ ಪೂರ್ವಜರು ಭಾರತದವರು ಎಂಬ ಸಾಲಿನಿಂದ ಶುರುಮಾಡಿ ಇಡೀ ಶಾಲೆಯ ಮುಂದೆ ಅದನ್ನು ಹೇಳಿದಳು. ನನ್ನ ಮುತ್ತಾತನ ಹೆಸರು ನನಗೇ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆದ್ದರಿಂದ ನಿಮ್ಮ ಮಗನಿಗೆ ಈಗಲೇ ಮಾವೊರಿ ಪದಪಟ್ಟಿ ಕೊಟ್ಟು ಕಂಠಪಾಠ ಮಾಡಿಸುವ ಅಗತ್ಯವಿಲ್ಲ. ಕನ್ನಡ ಕಾಗುಣಿತವನ್ನು ಗಟ್ಟಿಯಾಗಿ ಓದಿಸಿ, ‘ಙ’ವನ್ನು ಹಾರಿಸದೆ. ನೀವು ಮತ್ತು ನಿಮ್ಮ ಮನೆಯವರು ಎರಡೂ ಕಡೆಯ ಹಿರಿಯರ ಬಳಿ ಕುಳಿತು ಮೂರು-ನಾಲ್ಕು ತಲೆಮಾರಿನ ಹೆಸರು, ಮೂಲ ಊರು, ಅಲ್ಲಿಯ ಗುಡ್ಡ, ಹೊಳೆ ಅಥವಾ ಕೆರೆಯ ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಇಲ್ಲಿ ಮೂರೂವರೆಗೆ ಮಗು ಶಾಲೆಯಿಂದ ಬರುವ ಹೊತ್ತಿಗೆ ಊರಿನಲ್ಲಿ ಬೆಳಗಿನ ಎಂಟೋ ಒಂಬತ್ತೋ ಆಗಿರುತ್ತದೆ, ಹಾಳೆಯಲ್ಲಿ ಬಿಟ್ಟುಹೋದದ್ದನ್ನು ಅವನೇ ಫೋನ್ ಮಾಡಿ ಅಜ್ಜಿಯನ್ನು ಕೇಳಲಿ.